ಹುಲ್ಲು ಡಾಕ್ಟರರ ಉಪಕಾರ

ನಮ್ಮ ಮನೆಯವರು ಕೆಟ್ಟ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಅವರಿಂದ ಆದ ಅನಾಹುತಗಳೆಲ್ಲ ಒಳ್ಳೆಯ ಕೆಲಸ ಮಾಡಲು ಹೋಗಿ ಆದವು. ಅವರು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಯಾವ ಬಸ್ಸೂ ಹೇಳಿದ ಹೊತ್ತಿಗೆ ಹೊರಡುವುದಿಲ್ಲ, ಹೊರಟದ್ದು ಹೇಳಿದ ಹೊತ್ತಿಗೆ ಬರುವುದಿಲ್ಲ. ಹೀಗೆ ಹಗಲೆಲ್ಲ ಮಾತು ಕೇಳದ ಬಸ್ಸುಗಳ ನಡುವೆ ಕಳೆದು ಬಂದವರಿಗೆ, ಮನೆಯಲ್ಲಾದರೂ ಒಂದು ವಸ್ತು ತಮ್ಮ ಮಾತು ಕೇಳಲಿ ಎಂಬ ಆಸೆ. ಮಕ್ಕಳು ಕೇಳುವುದಿಲ್ಲ. ನಾನು ಕೇಳಿದ ಹಾಗೆ ತಲೆಯಾಡಿಸುತ್ತೇನೆ, ಅದು ಅವರಿಗೂ ಗೊತ್ತು. ಉಳಿದದ್ದು ಮನೆಯ ಮುಂದಿನ ಹುಲ್ಲು.

ಬಾಗಿಲಿಂದ ಗೇಟಿನವರೆಗೆ ಎರಡು ಜಮಖಾನೆ ಹಾಸಿದಷ್ಟು ಜಾಗ ಅದು. ಇವರು ನೀರು ಹಾಕಿ, ಗೊಬ್ಬರ ಹಾಕಿ, ರಜೆ ದಿನ ಕೈಯಂತ್ರದಿಂದ ಕ್ಷೌರ ಮಾಡಿ, ಅದಕ್ಕೆ 'ಲಾನ್' ಎಂದು ಹೆಸರಿಟ್ಟಿದ್ದರು. ಹೆಸರು ಹುಲ್ಲಿಗೆ, ಭೋಗ ಮಾತ್ರ ಕಳೆಗೆ. ಅಗಲ ಎಲೆಯ, ಹಳದಿ ಹೂವಿನ, ಹೆಸರೇ ಇಲ್ಲದ ನಾನಾ ಕಳೆಗಳು ಅಲ್ಲಿ ನೆಂಟರ ಹಾಗೆ ಬಂದು ಕಾಲು ಚಾಚಿ ಮಲಗಿದ್ದವು.

ಒಂದು ದಿನ ನನ್ನ ತಮ್ಮ ಬಂದ. ನಿಜವಾದ ನೆಂಟ. ಇವರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಲಾನ್ ನೋಡಿದೆಯೇನಪ್ಪಾ?" ಎಂದರು.

"ಎಲ್ಲಿದೆ ಭಾವ?"

"ನೀನು ನಿಂತಿರೋದೇ ಅದರ ಮೇಲೆ."

ಅವನು ಬಗ್ಗಿ ಕಾಲ ಕೆಳಗೆ ನೋಡಿದ. "ಇದಾ? ನಾನು ಸೊಪ್ಪು ಬೆಳೆದಿದ್ದೀರಿ ಅಂದ್ಕೊಂಡೆ! ಅಕ್ಕಾ, ಒಂದು ಚೀಲ ಕೊಡೇ, ಹೋಗ್ತಾ ಎರಡು ಕಟ್ಟು ಕಿತ್ಕೊಂಡು ಹೋಗ್ತೀನಿ."

ಮಕ್ಕಳು ನಕ್ಕರು. ನಾನು ನಗಲಿಲ್ಲ, ಅಡುಗೆಮನೆಗೆ ಹೋಗಿ ನಕ್ಕೆ. ಇವರು ಮಾತ್ರ ಅಂದು ಊಟಕ್ಕೆ ಕೂತು, ತಟ್ಟೆಯಲ್ಲಿದ್ದ ಸೊಪ್ಪಿನ ಪಲ್ಯವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹಾಗೇ ಎದ್ದುಬಿಟ್ಟರು.

ಮರುದಿನ ಗೊಬ್ಬರದ ಅಂಗಡಿಯಿಂದ ಒಂದು ಬಾಟಲಿ ಬಂತು. ಅದನ್ನು ಎತ್ತರದ ಕಪಾಟಿನಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡರು.

"ಇದು ಕಳೆನಾಶಕ ಕಣೇ. ಅಂತಿಂಥದ್ದಲ್ಲ, ಆರಿಸಿ ಕೊಲ್ಲೋದು. ಅಗಲ ಎಲೆ ಇರೋದನ್ನ ಮಾತ್ರ ಹಿಡಿಯುತ್ತೆ, ಹುಲ್ಲಿನ ತಂಟೆಗೆ ಹೋಗಲ್ಲ. ಯಾರು ಹುಲ್ಲು ಯಾರು ಕಳೆ ಅಂತ ಒಂದು ಬಾಟಲಿಗೆ ಗೊತ್ತಿದೆ! ನಮ್ಮ ಡಿಪೋ ಮ್ಯಾನೇಜರಿಗೆ ಇಷ್ಟು ವಿವೇಚನೆ ಇದ್ದಿದ್ರೆ ನಾನು ಎಲ್ಲೋ ಇರ್ತಿದ್ದೆ."

"ಎರಡು ಜಮಖಾನೆ ಜಾಗ ತಾನೇ, ಕೈಯಲ್ಲೇ ಕಿತ್ತರಾಗದಾ?" ಎಂದೆ.

"ಬೇರು ಉಳಿಯುತ್ತೆ," ಎಂದರು. ಆ ಧ್ವನಿಯಲ್ಲಿ ನನ್ನ ತಮ್ಮನೂ ಇದ್ದ ಎಂದು ನನಗನ್ನಿಸಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಗಾಳಿಯದೇ ಮಾತು. ಗಾಳಿ ಬೀಸುವಾಗ ಔಷಧಿ ಹೊಡೆಯಬಾರದು, ಹನಿ ಹಾರಿ ಪಕ್ಕದ ಗಿಡಕ್ಕೆ ಬೀಳುತ್ತದೆ. ಇವರು ಬಟ್ಟೆ ಒಣಹಾಕುವ ತಂತಿಗೆ ಒಂದು ಕರವಸ್ತ್ರ ಕಟ್ಟಿ, ಬೆಳಗಾಗುತ್ತಲೇ ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಕರವಸ್ತ್ರ ಒಂದು ಚೂರು ಅಲುಗಿದರೂ, "ಇವತ್ತು ಕ್ಯಾನ್ಸಲ್," ಎಂದು ಒಳಗೆ ಬರುವರು. ಗಾಳಿ ನಿಂತ ದಿನ ಮೋಡ ಬಂತು. ಮಳೆ ಬಂದರೆ ಔಷಧಿ ತೊಳೆದು ಚರಂಡಿ ಸೇರುತ್ತದೆಂದು ಅಂದೂ ಕ್ಯಾನ್ಸಲ್. ಎದುರು ಮನೆಯ ಕಾಂಪೌಂಡರ್ ಗೇಟಿಗೆ ಒರಗಿ, "ಏನ್ರೀ, ಹುಲ್ಲಿಗೆ ಮುಹೂರ್ತ ಸಿಗಲಿಲ್ವಾ?" ಎಂದು ದಿನವೂ ಕೇಳುತ್ತಿದ್ದರು. ಅವರು ಆಸ್ಪತ್ರೆಯಲ್ಲಿ ಜೀವಮಾನವಿಡೀ ಔಷಧಿ ಕಟ್ಟಿಕೊಟ್ಟು ನಿವೃತ್ತರಾದವರು. ಬೀದಿಯಲ್ಲಿ ಔಷಧಿ ಎನ್ನುವ ಶಬ್ದ ಬೇರೆಯವರ ಬಾಯಲ್ಲಿ ಬಂದರೆ ಅವರಿಗೆ ಸಹಿಸದು.

ಕೊನೆಗೆ ಕರವಸ್ತ್ರ ಸತ್ತ ಹಾಗೆ ನೇತುಬಿದ್ದ ಒಂದು ಬೆಳಗ್ಗೆ ಇವರು ಹೊರಬಂದರು. ಉದ್ದ ತೋಳಿನ ಅಂಗಿ, ಅದರ ಮೇಲೆ ಮಳೆಕೋಟು, ಮೊಣಕಾಲಿನವರೆಗೆ ರಬ್ಬರ್ ಬೂಟು, ಕೈಗೆ ರಬ್ಬರಿನ ಕೈಗವಸು, ಕಣ್ಣಿಗೆ ಡಿಪೋದ ವೆಲ್ಡಿಂಗ್ ಷೆಡ್ಡಿನಿಂದ ತಂದ ಕನ್ನಡಕ, ಬೆನ್ನಿಗೆ ಪಂಪು. ಪಂಪಿನ ಮೇಲೆ 'ಕಳೆಗೆ ಮಾತ್ರ' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಗೇಟಿಗೆ ಕೆಂಪು ಬಾವುಟ ಕಟ್ಟಿದರು. ಡಿಪೋದ ಸೀಟಿ ಊದಿ, "ಮಕ್ಕಳು, ನಾಯಿ, ಬೆಕ್ಕು ಎಲ್ಲ ಒಳಗೆ! ಹುಲ್ಲು ಒಣಗೋವರೆಗೂ ಯಾರೂ ಕಾಲಿಡೋ ಹಾಗಿಲ್ಲ!" ಎಂದು ಕೂಗಿದರು. ಕಾಂಪೌಂಡರ್ ಮನೆಯ ಕಿಟಕಿಗಳು ಧಡಧಡ ಮುಚ್ಚಿದವು. ಏನೋ ಸಾಂಕ್ರಾಮಿಕ ಬಂದಿದೆ ಎಂದು ಅವರ ಹೆಂಡತಿ ನೀರು ಕಾಯಿಸಲು ಇಟ್ಟರಂತೆ.

ಆಗ ಪಕ್ಕದ ಗೋಡೆಯ ಆಚೆಯಿಂದ ಒಂದು ನಗು ಕೇಳಿಸಿತು.

ನಾನು ಅಕ್ಕಿ ಆರಿಸುತ್ತಿದ್ದವಳು ಮೊರ ಹಿಡಿದುಕೊಂಡೇ ಎದ್ದು ನೋಡಿದೆ. ನಗುತ್ತಿದ್ದವರು ಪಕ್ಕದ ಮನೆ ಅಕ್ಕ. ಅವರ ಗಂಡ, ನಾವೆಲ್ಲ ಟೈಲರ್ ಭಾವ ಎನ್ನುತ್ತಿದ್ದವರು, ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಆ ಮನೆಯಿಂದ ಹೊಲಿಗೆಯಂತ್ರದ ಸದ್ದೂ ಬರಲಿಲ್ಲ, ಅಕ್ಕನ ದನಿಯೂ ಬರಲಿಲ್ಲ. ಅಂಥವರು ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಾರೆ.

"ಏನೋ ತಮ್ಮಾ ಇದು ವೇಷ? ಚಂದ್ರನ ಮೇಲೆ ಹೋಗ್ತಿದ್ದೀಯಾ?"

ಇವರು ಕನ್ನಡಕ ಮೇಲಕ್ಕೆತ್ತಿ ಅಕ್ಕನನ್ನು ನೋಡಿದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಇಲ್ಲೇ ಅಕ್ಕಾ, ಗೇಟಿನವರೆಗೆ," ಎಂದರು. ಅಕ್ಕ ಇನ್ನಷ್ಟು ನಕ್ಕರು. ಆಮೇಲೆ ಇವರು ಬೇಕೆಂದೇ ಬೂಟು ಟಪಟಪ ಎನ್ನಿಸುತ್ತ ಎರಡು ಸುತ್ತು ಹೆಚ್ಚಿಗೆ ನಡೆದರು.

ಔಷಧಿಯನ್ನು ಮಾತ್ರ ಒಂದು ತೊಟ್ಟೂ ಹೆಚ್ಚು ಹಾಕಲಿಲ್ಲ. "ಇನ್ನೊಂದು ಮುಚ್ಚಳ ಸುರೀರಿ, ಗಟ್ಟಿಯಾಗಿ ಸಾಯಲಿ," ಎಂದು ಕಾಂಪೌಂಡರ್ ಕಿಟಕಿಯ ಸಂದಿಯಿಂದ ಕೂಗಿದ್ದಕ್ಕೆ, "ಹೆಚ್ಚು ಹಾಕಿದ್ರೆ ಹುಲ್ಲೂ ಸುಟ್ಟುಹೋಗುತ್ತೆ ಸ್ವಾಮೀ, ಅಳತೆ ಅಂದ್ರೆ ಅಳತೆ!" ಎಂದು ಗದರಿದರು. ಮುಗಿದ ಮೇಲೆ ಬಟ್ಟೆಯನ್ನು ಬೇರೆಯಾಗಿ ತಾವೇ ಒಗೆದರು, ಸೋಪು ಹಾಕಿ ಸ್ನಾನ ಮಾಡಿದರು. ನಾನು ಅವರ ಹೆಂಡತಿ ಎಂದು ಹೊಗಳುವುದಲ್ಲ, ಅಷ್ಟು ಕ್ರಮವಾಗಿ ಅವರು ನನ್ನ ಕೊರಳಿಗೆ ಹಾರವನ್ನೂ ಹಾಕಿರಲಿಲ್ಲ.

ಕಳೆಗಳು ಮೊದಲು ಕತ್ತು ತಿರುಚಿಕೊಂಡವು, ಆಮೇಲೆ ಹಳದಿಯಾದವು, ಆಮೇಲೆ ಮಲಗಿದವು. ಹುಲ್ಲು ಹಸಿರಾಗಿ ನಿಂತಿತು. ಬೀದಿಯವರು ಬಂದು ಬಂದು ನೋಡಿದರು. ಯಾರೋ 'ಹುಲ್ಲು ಡಾಕ್ಟರು' ಎಂದರು, ಅದೇ ಉಳಿಯಿತು. ತರಕಾರಿಯವಳು ಕೂಡ, "ಡಾಕ್ಟರ್ ಮನೆಯಮ್ಮಾ, ಬದನೆಕಾಯಿ ಬೇಕಾ?" ಎನ್ನತೊಡಗಿದಳು. ಕಾಂಪೌಂಡರ್ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಹುಳಿ ಕುಡಿದವರಂತೆ ಮುಖ ಮಾಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆಯನ್ನು ನಗುತ್ತ ಹೇಳಿ ಮುಗಿಸುತ್ತಿದ್ದೆ.

ಟೈಲರ್ ಭಾವ ಹೊಲಿಗೆ ಬಿಟ್ಟರೆ ಬೆಳೆಯುತ್ತಿದ್ದದ್ದು ಟೊಮೆಟೊ. ಪೇಟೆಯಲ್ಲಿ ಸಿಗುವಂಥದ್ದಲ್ಲ. ಕುಂಬಳದ ಹಾಗೆ ಗೀರುಗೀರಾಗಿ, ತೊಟ್ಟಿನ ಹತ್ತಿರ ಹಣ್ಣಾದರೂ ಹಸಿರು ಉಳಿಯುವ ಜಾತಿ. ಅವರ ತಾಯಿಯ ಕಾಲದಿಂದ ಬೀಜ ತೆಗೆದಿಟ್ಟು, ಮುಂದಿನ ವರ್ಷ ಬಿತ್ತಿ, ಹಾಗೇ ನಡೆಸಿಕೊಂಡು ಬಂದದ್ದು. ಗಿಡಕ್ಕೆ ಆಸರೆ ಕೋಲು ನೆಟ್ಟು, ಅಂಗಡಿಯಲ್ಲಿ ಉಳಿದ ಬಣ್ಣಬಣ್ಣದ ಬಟ್ಟೆ ಚೂರುಗಳಿಂದ ಕಟ್ಟುತ್ತಿದ್ದರು. ಹಣ್ಣು ಬೀದಿಗೆಲ್ಲ ಹಂಚುತ್ತಿದ್ದರು. ಬೀಜವನ್ನು ಮಾತ್ರ ನಾವು ಯಾರೂ ಕೇಳಲಿಲ್ಲ. ಗೋಡೆಯಾಚೆ ಹಣ್ಣೇ ಇರುವಾಗ ಬೀಜ ಯಾರಿಗೆ ಬೇಕು?

ಈ ವರ್ಷ ಅಕ್ಕ ಗುಂಡಿಗಳ ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದರು. ಪಕ್ಕದಲ್ಲಿ ಒಂದಿಷ್ಟು ಹುರುಳಿಕಾಯಿ, ಅಂಚಿಗೆ ಜೋಳ.

"ಅರ್ಧ ಎತ್ತಿಡಬೇಕಾಗಿತ್ತೇನೋ ಅಲ್ವೇನೇ?" ಎಂದು ನನ್ನನ್ನು ಕೇಳಿದರು. "ಅವರು ಏನು ಮಾಡ್ತಿದ್ರೋ ನಾನು ನೋಡಲೇ ಇಲ್ಲ. ಬರೀ ಮಣ್ಣು ಕಾಲಲ್ಲಿ ಒಳಗೆ ಬಂದ್ರಿ ಅಂತ ಬೈತಿದ್ದೆ ಅಷ್ಟೆ. ಹೋಗ್ಲಿ, ಹಣ್ಣಾದ ಮೇಲೆ ತೆಗೆದಿಡ್ತೀನಿ. ಇವು ತಪ್ಪಿಹೋದ್ರೆ ಅವರದ್ದು ಅಂತ ಇನ್ನೇನೂ ಇಲ್ಲ ನನ್ನ ಹತ್ರ."

ಬಿಸಿಲು ಹೆಚ್ಚಾಯಿತು. ಅಕ್ಕನ ತರಕಾರಿ ಮಡಿಯ ಮಣ್ಣು ಬಿರುಕು ಬಿಡುತ್ತಿತ್ತು. ಇವರು ಅಂದು ಲಾನಿಗೆ ಕ್ಷೌರ ಮಾಡುತ್ತಿದ್ದರು. ಔಷಧಿ ಹೊಡೆದ ಮೇಲೆ ಕೆಲವು ದಿನ ಹುಲ್ಲು ಕತ್ತರಿಸಬಾರದು ಎಂಬ ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿ, ಆಮೇಲೆ ಹಿಡಿದ ಯಂತ್ರ. ಬುಟ್ಟಿ ತುಂಬ ಹಸಿ ಹುಲ್ಲಿನ ಚೂರು ಬಿದ್ದಿತ್ತು. ಗೋಡೆಯಾಚೆ ಅಕ್ಕ ಸೊಂಟ ಹಿಡಿದುಕೊಂಡು ನೀರಿನ ಬಿಂದಿಗೆ ಎತ್ತುತ್ತಿದ್ದರು.

"ಅಕ್ಕಾ, ಇರಿ ಇರಿ," ಎಂದರು ಇವರು. "ಬುಡಕ್ಕೆ ಹುಲ್ಲು ಹೊದಿಸಿದ್ರೆ ತೇವ ಹಿಡಿದಿರುತ್ತೆ. ನಾನು ಹಾಕ್ತೀನಿ."

ಬುಟ್ಟಿ ಗೋಡೆ ದಾಟಿತು. ಮಗುವಿಗೆ ಹೊದಿಸುವ ಹಾಗೆ ಒಂದೊಂದು ಗಿಡದ ಬುಡಕ್ಕೂ ಹೊದಿಸಿ ಬಂದರು. ಅಕ್ಕ ಚಹಾ ಮಾಡಿಕೊಟ್ಟರು. ಗಂಡ ಹೋದ ಮೇಲೆ ಆ ಮನೆಯಲ್ಲಿ ಎರಡು ಲೋಟ ಚಹಾ ಆದದ್ದು ಅಂದೇ ಎಂದು ಅಕ್ಕ ಆಮೇಲೆ ನನಗೆ ಹೇಳಿದರು.

ಮೂಲೆಯ ಒಂದು ಗಿಡಕ್ಕೆ ಮಾತ್ರ ಹುಲ್ಲು ಸಾಲಲಿಲ್ಲ. "ನಿನಗೆ ಮುಂದಿನ ವಾರ," ಎಂದು ಇವರು ಆ ಗಿಡಕ್ಕೆ ಸಮಾಧಾನ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಸ್ವಲ್ಪ ದಿನಕ್ಕೆ ಟೊಮೆಟೊ ಗಿಡಗಳ ಕುಡಿ ತಿರುಚಲು ಶುರುವಾಯಿತು. ಎಲೆಗಳು ಬಟ್ಟಲಿನ ಹಾಗೆ ಮಡಚಿಕೊಂಡು, ಹೊಸ ಚಿಗುರು ದಾರದ ಹಾಗೆ ಸಣ್ಣಗಾಗಿ, ಕಾಂಡ ಕೊಡೆಯ ಹಿಡಿಯಂತೆ ಬಾಗಿತು. ಅಕ್ಕ ಗೋಡೆಯ ಹತ್ತಿರ ಬಂದು ಕರೆದರು.

"ತಮ್ಮಾ, ನೀನು ಡಾಕ್ಟರು ತಾನೇ, ಸ್ವಲ್ಪ ನೋಡು ಬಾಪ್ಪಾ."

ಡಾಕ್ಟರು ಹೋದರು. ಎಲೆ ಮುಟ್ಟಿದರು, ಮಣ್ಣು ಮೂಸಿದರು, ಆಕಾಶ ನೋಡಿದರು. "ಬಾಯಾರಿಕೆ ಅಕ್ಕಾ. ಹೊದಿಕೆ ತೆಳುವಾಯ್ತು," ಎಂದು ತೀರ್ಪು ಕೊಟ್ಟು, ಆ ವಾರದ ಹುಲ್ಲನ್ನೂ ತಂದು ಸುರಿದರು. ರೋಗಿಗಳಿಗೆ ಮೊದಲು ಎಂದು ಮೂಲೆಯ ಗಿಡದ ಸರದಿ ಮತ್ತೆ ಮುಂದೆ ಹೋಯಿತು. ಗಿಡ ಇನ್ನೂ ತಿರುಚಿತು. "ಹೊದಿಕೆ ಸಾಲದು," ಎಂದರು. ಮತ್ತೊಂದು ಬುಟ್ಟಿ. ನಡುವೆ ಲಾನಿನ ಅಂಚಿನಲ್ಲಿ ಉಳಿದಿದ್ದ ಕಳೆಗೆ ಮತ್ತೊಮ್ಮೆ ಬಾವುಟ, ಸೀಟಿ, ಔಷಧಿ ಎಲ್ಲ ಆಯಿತು. ಆ ಹುಲ್ಲೂ ಗೋಡೆ ದಾಟಿತು. ಅಷ್ಟು ಹೊತ್ತಿಗೆ ನಮ್ಮ ಲಾನು ರಾಜಕುಮಾರನಂತೆ ಹೊಳೆಯುತ್ತಿತ್ತು. ಗೋಡೆಯಾಚೆ ಗಿಡಗಳು ಒಂದೊಂದಾಗಿ ಕೈಕಾಲು ಸೇದಿಕೊಂಡವು.

ಕಾಂಪೌಂಡರ್ ಇದೇ ಸಮಯಕ್ಕೆ ಕಾದಿದ್ದವರು. ಗೇಟು ತೆಗೆದು ಒಳಗೆ ಬಂದು, ಬೆನ್ನ ಹಿಂದೆ ಕೈಕಟ್ಟಿ, ಮಡಿಯ ಸುತ್ತ ವಾರ್ಡಿನ ರೌಂಡ್ಸ್ ಹಾಕಿದರು.

"ಇದು ಬಾಯಾರಿಕೆ ಅಲ್ಲ. ವೈರಸ್ಸು. ಎಲೆ ಮುದುಡುವ ರೋಗ. ಒಂದರಿಂದ ಒಂದಕ್ಕೆ ಅಂಟುತ್ತೆ. ಎಲ್ಲ ಕಿತ್ತು ಸುಟ್ಟುಹಾಕಿ."

"ಸುಡೋದಾ!" ಎಂದರು ಅಕ್ಕ.

"ರೀ, ನೀವು ಮನುಷ್ಯರ ಮಾತ್ರೆ ಕಟ್ಟಿದವರು," ಎಂದರು ಇವರು. "ಗಿಡದ ವಿಷಯ ನಿಮಗೇನು ಗೊತ್ತು?"

"ನೀವು ಬಸ್ಸಿಗೆ ಸೀಟಿ ಊದೋರು. ನಿಮಗೇನು ಗೊತ್ತು?"

"ನನ್ನ ಹುಲ್ಲು ನೋಡಿ ಮಾತಾಡಿ!"

"ಹುಲ್ಲು ಕತ್ತೆಗೂ ಗೊತ್ತಿರುತ್ತೆ!"

ಬೀದಿ ಎರಡು ಪಕ್ಷವಾಯಿತು. ಬಾಯಾರಿಕೆ ಪಕ್ಷದವರು ದಾರಿಯಲ್ಲಿ ವೈರಸ್ ಪಕ್ಷದವರನ್ನು ಕಂಡರೆ ಮುಖ ತಿರುಗಿಸಿದರು. ಕಾಂಪೌಂಡರ್ ತಮ್ಮ ಕುಂಡಗಳನ್ನೆಲ್ಲ ಮಹಡಿಗೆ ಸಾಗಿಸಿ, "ಸೋಂಕಿತ ಮನೆ" ಎಂದು ಅಕ್ಕನ ಗೇಟಿನ ಮುಂದೆ ಮೂಗು ಮುಚ್ಚಿಕೊಂಡು ನಡೆದಾಡಿದರು.

ಈ ಗಲಾಟೆಯಲ್ಲಿ ಅಕ್ಕನ ಮುಖವನ್ನು ಯಾರೂ ನೋಡಲಿಲ್ಲ. ನಾನು ಒಂದು ಮಧ್ಯಾಹ್ನ ಬಟ್ಟೆ ಮಡಚಿಟ್ಟು ಅವರಲ್ಲಿಗೆ ಹೋದಾಗ, ಅವರು ಮಡಿಯ ಅಂಚಿನಲ್ಲಿ ಕೂತು, ಬಾಗಿದ ಒಂದು ಕಾಂಡವನ್ನು ನೀಲಿ ಬಟ್ಟೆಚೂರಿನಿಂದ ಕೋಲಿಗೆ ಕಟ್ಟುತ್ತಿದ್ದರು. ಕಟ್ಟಿದಷ್ಟೂ ಅದು ಆ ಕಡೆಗೇ ತಿರುಗುತ್ತಿತ್ತು.

"ಯಾವ ವೈರಸ್ಸೂ ಅಲ್ಲ, ಬಾಯಾರಿಕೆನೂ ಅಲ್ಲ," ಎಂದರು. "ನನ್ನ ಕೈಗುಣ ಕಣೇ. ಅವರ ಕೈ ಬೇರೆ. ಆಸ್ಪತ್ರೆಯಲ್ಲೂ ಹಾಗೇ ಆಯ್ತು. ನಾನೇ ಪಕ್ಕದಲ್ಲಿ ಕೂತಿದ್ದೆ, ನಾನೇ ಗಂಜಿ ಕುಡಿಸ್ತಿದ್ದೆ. ಉಳಿಸಿಕೊಳ್ಳೋಕೆ ಆಗಲಿಲ್ಲ. ಈಗ ಅವರ ಗಿಡ ಉಳಿಸ್ತೀನಾ ನಾನು?"

ಪಕ್ಕದಲ್ಲಿ ಕೂತು ಇನ್ನೊಂದು ಗಿಡವನ್ನು ಕಟ್ಟಿದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು, "ಇನ್ನೊಂದು ಬುಟ್ಟಿ ಹಾಕಿ ನೋಡ್ತೀನಿ," ಎಂದರು. ಆ ಮೂಲೆಯ ಗಿಡದ ಸರದಿಯೂ ಆಗಿಬಿಡುತ್ತಿತ್ತು. ಅಷ್ಟರಲ್ಲಿ ಕಾಂಪೌಂಡರ್ ದೂರು ಕೊಟ್ಟು, ತೋಟಗಾರಿಕೆ ಇಲಾಖೆಯಿಂದ ಆಫೀಸರಮ್ಮ ಬಂದೇಬಿಟ್ಟರು.

ಚಿಕ್ಕ ವಯಸ್ಸಿನ ಹೆಂಗಸು, ಹೆಗಲಿಗೆ ಚೀಲ, ಕೈಯಲ್ಲಿ ಭೂತಗನ್ನಡಿ. ಬೀದಿಯೇ ಅಕ್ಕನ ಹಿತ್ತಲಿಗೆ ನುಗ್ಗಿತು. ಕಾಂಪೌಂಡರ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಇವರು ಡಿಪೋದ ಸಮವಸ್ತ್ರದಲ್ಲಿ, ಸೀಟಿಯ ಸಮೇತ.

ಆಫೀಸರಮ್ಮ ಬಗ್ಗಿ ನೋಡಿದರು. ಟೊಮೆಟೊ ನೋಡಿದರು, ಹುರುಳಿಕಾಯಿ ಗಿಡ ನೋಡಿದರು, ಜೋಳ ನೋಡಿದರು.

"ವೈರಸ್ಸು ತಾನೇ ಮೇಡಂ?" ಎಂದರು ಕಾಂಪೌಂಡರ್.

"ಅಲ್ಲ. ಟೊಮೆಟೊ ರೋಗ ಆಗಿದ್ರೆ ಹುರುಳಿಕಾಯಿ ಗಿಡ ಯಾಕೆ ಹೀಗೇ ತಿರುಚುತ್ತೆ?"

ಕಾಂಪೌಂಡರ್ ಕುಗ್ಗಿದರು. ಬಾಯಾರಿಕೆ ಪಕ್ಷ ಎದೆಯುಬ್ಬಿಸಿತು.

"ಬಾಯಾರಿಕೆನೂ ಅಲ್ಲ. ಮಣ್ಣು ಎಷ್ಟು ತೇವ ಇದೆ ನೋಡಿ." ಜೋಳದ ಗರಿ ಸವರಿದರು. "ಇದು ಮಾತ್ರ ನೆಟ್ಟಗಿದೆ. ಜೋಳ ಹುಲ್ಲಿನ ಜಾತಿ. ಇಲ್ಲಿ ಯಾರಾದ್ರೂ ಕಳೆನಾಶಕ ಹೊಡೆದಿದ್ದಾರಾ? ಅಗಲ ಎಲೆಗೆ ಹೊಡೆಯೋದು?"

"ಹೊಡೆದಿದ್ದಾರೆ!" ಬೀದಿ ಒಂದೇ ದನಿಯಲ್ಲಿ, ಹೆಮ್ಮೆಯಿಂದ, ಇವರನ್ನು ಮುಂದಕ್ಕೆ ತಳ್ಳಿತು. "ನಮ್ಮ ಹುಲ್ಲು ಡಾಕ್ಟರು!"

"ಗಾಳಿ ಇತ್ತಾ ಸರ್ ಅವತ್ತು?"

"ಕರವಸ್ತ್ರ ಅಲುಗಲಿಲ್ಲ ಮೇಡಂ." ಪರೀಕ್ಷೆಗೆ ಓದಿಕೊಂಡು ಬಂದ ಹುಡುಗನಂತೆ ಇವರು ನೆಟ್ಟಗೆ ನಿಂತಿದ್ದರು.

"ಅಳತೆ?"

"ತೊಟ್ಟು ಹೆಚ್ಚಿಲ್ಲ."

"ಪಂಪು? ಅದೇ ಪಂಪಲ್ಲಿ ಈ ಗಿಡಕ್ಕೇನಾದ್ರೂ ಹೊಡೆದ್ರಾ?"

"ಕಳೆಗೆ ಮಾತ್ರ ಅಂತ ಬರೆದಿದ್ದೀನಿ."

"ತುಂಬಾ ಚೆನ್ನಾಗಿ ಮಾಡಿದ್ದೀರಿ ಸರ್. ಇಷ್ಟು ಜಾಗ್ರತೆ ಯಾರೂ ಮಾಡಲ್ಲ." ಇವರ ಮುಖ ಅರಳಿತು. ನಮ್ಮ ಮದುವೆಯ ದಿನವೂ ಆ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. "ಮತ್ತೆ ಆಮೇಲೆ ಕತ್ತರಿಸಿದ ಹುಲ್ಲು ಏನು ಮಾಡಿದ್ರಿ?"

ಇದಕ್ಕೆ ಅಕ್ಕನೇ ಉತ್ತರ ಹೇಳಿದರು. "ಅದನ್ನ ಒಂದು ಎಳೆನೂ ಹಾಳು ಮಾಡಲಿಲ್ಲಮ್ಮಾ. ಎಲ್ಲ ತಂದು ನನ್ನ ಗಿಡದ ಬುಡಕ್ಕೇ ಹಾಕಿದ್ದಾನೆ, ಪಾಪ. ಒಡಹುಟ್ಟಿದವರೂ ಇಷ್ಟು ಮಾಡಲ್ಲ."

ಆಫೀಸರಮ್ಮ ಭೂತಗನ್ನಡಿಯನ್ನು ನಿಧಾನವಾಗಿ ಚೀಲದೊಳಗೆ ಇಟ್ಟರು.

"ಔಷಧಿ ಹೊಡೆದ ಮೇಲೆ ಮೊದಲ ಕೆಲವು ಸಲ ಕತ್ತರಿಸಿದ ಹುಲ್ಲಲ್ಲಿ ಅದರ ಅಂಶ ಇರುತ್ತಮ್ಮಾ," ಎಂದರು. ದನಿ ತಗ್ಗಿತ್ತು. "ಅದನ್ನ ಲಾನ್ ಮೇಲೇ ಬಿಟ್ಟುಬಿಡಬೇಕು. ತರಕಾರಿ, ಹೂವಿನ ಗಿಡದ ಬುಡಕ್ಕೆ ಹಾಕಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು. ನೀರು ಹಾಕಿದ ಹಾಗೆಲ್ಲ ಇಳಿದು ಬೇರಿಗೆ ಹೋಗುತ್ತೆ. ಟೊಮೆಟೊ ಅಂತೂ ಚೂರೂ ತಡೆಯಲ್ಲ."

ಇವರು ಒಂದೊಂದು ಗಿಡವನ್ನೂ ನೋಡಿದರು. ತಾವು ಹೊದಿಸಿದ ಹೊದಿಕೆಯನ್ನು ನೋಡಿದರು. ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಅಂಗಡಿಯವನು ಇನ್ನೇನೋ ಹೇಳ್ತಿದ್ದ," ಎಂದರು, ಯಾರಿಗೆಂದಿಲ್ಲದೆ. "ಕೊನೇದೊಂದು ಮಾತು ಕೇಳ್ಕೊಂಡು ಹೋಗಿ ಸಾರ್ ಅಂದ. ಅಷ್ಟರಲ್ಲಿ ನನ್ನ ಬಸ್ ಬಂತು. ಟೈಮಿಗೆ ಸರಿಯಾಗಿ ಬಂತು."

ಬೇರೆ ದಿನವಾಗಿದ್ದರೆ ಬೀದಿ ಬಿದ್ದು ಬಿದ್ದು ನಗುತ್ತಿತ್ತು. ಕಾಂಪೌಂಡರ್ ಕೂಡ ನಗಲಿಲ್ಲ. ತಮ್ಮ ಇಸ್ತ್ರಿ ಅಂಗಿಯ ತೋಳು ಮಡಚಿ, "ಬನ್ನಿ, ಮೊದಲು ಈ ಹುಲ್ಲು ತೆಗೆಯೋಣ," ಎಂದರು.

ಅಕ್ಕ ಮಾತ್ರ ಆಫೀಸರಮ್ಮನ ಕೈ ಹಿಡಿದುಕೊಂಡಿದ್ದರು. "ಹಾಗಾದ್ರೆ ನನ್ನ ಕೈಗುಣ ಅಲ್ವಾಮ್ಮಾ?"

"ಅಲ್ಲಮ್ಮಾ. ನಿಮ್ಮ ಕೈದು ಏನೂ ತಪ್ಪಿಲ್ಲ."

"ನಾನೇನೂ ಮಾಡಲಿಲ್ವಾ?"

"ಇಲ್ಲಮ್ಮಾ."

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊದಿಕೆಯನ್ನೂ ಮೇಲಿನ ಮಣ್ಣನ್ನೂ ಇಬ್ಬರು ಗಂಡಸರು ಕೈಗವಸು ಹಾಕಿಕೊಂಡು ಬಾಚಿ ತೆಗೆದರು. ಮಡಿಗೆ ಧಾರಾಳವಾಗಿ ನೀರು ಬಿಟ್ಟರು. ಹುಲ್ಲು ಬೀಳದ ಮೂಲೆಯ ಗಿಡ ಒಂದು ಬದುಕಬಹುದು, ನೀರಿನ ಜೊತೆ ಅದಕ್ಕೂ ಸ್ವಲ್ಪ ಹೋಗಿರುತ್ತೆ, ಕಾದು ನೋಡಿ, ಆದರೆ ಹಣ್ಣಾದರೂ ಯಾರೂ ತಿನ್ನಬೇಡಿ ಎಂದು ಆಫೀಸರಮ್ಮ ಹೇಳಿ ಹೋದರು. ಬೀಜ ತೆಗೆಯಬಹುದಾ ಎಂದು ಇವರು ಗೇಟಿನವರೆಗೆ ಹಿಂದೆ ಹೋಗಿ ಕೇಳಿದರು. "ನೋಡೋಣ ಸರ್," ಎಂದರಂತೆ. ಆ 'ನೋಡೋಣ'ವನ್ನು ಇವರು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು.

ಉಳಿದ ಗಿಡಗಳು ಒಂದೊಂದಾಗಿ ಹೋದವು. ಇವರು ಮೂಲೆಯ ಗಿಡಕ್ಕೆ ಕಾವಲು ಕೂತರು. ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಗೋಡೆಯ ಈಚೆಗೆ ಸ್ಟೂಲು ಹಾಕಿ, ಬಿಸಿಲು ಯಾವ ಕಡೆಯಿಂದ ಬಂತು, ಗುಬ್ಬಿ ಯಾವ ಕಡೆಯಿಂದ ಬಂತು ಎಂದು ನೋಡುವುದು. ಗೋಡೆ ದಾಟಿ ಹೋಗುವ ಧೈರ್ಯವಿಲ್ಲ. ಅಕ್ಕ ಹಿತ್ತಲಿಗೆ ಬಂದರೆ ಇವರು ಸ್ಟೂಲಿನಿಂದ ಇಳಿದು ಕೂತುಬಿಡುವರು. ಅಕ್ಕ ಒಂದು ಮಾತೂ ಆಡಲಿಲ್ಲ. ಬೈಯಲೂ ಇಲ್ಲ.

"ಬೈದಿದ್ರೆ ಎಷ್ಟೋ ಮೇಲಾಗಿತ್ತು ಕಣೇ," ಎಂದರು ನನ್ನ ಹತ್ತಿರ. "ಡಿಪೋದಲ್ಲಿ ಯಾರಾದ್ರೂ ಬೈತಾನೇ ಇರ್ತಾರೆ. ನನಗೆ ಅಭ್ಯಾಸ ಇದೆ."

ಈ ನಡುವೆ ನನ್ನ ತಮ್ಮ ಮತ್ತೆ ಬಂದ. ಗೇಟಿನಲ್ಲೇ ನಿಂತು ಕಣ್ಣರಳಿಸಿದ. ಒಂದು ಕಳೆ ಇಲ್ಲ, ಒಂದು ಹಳದಿ ಎಳೆ ಇಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದು ನೋಡಿದ.

"ಭಾವ! ಲಾನ್ ಅಂದ್ರೆ ಇದು! ಸೋತೆ ನಾನು, ಒಪ್ಪಿಕೊಂಡೆ!"

ಇಷ್ಟನ್ನು ಕೇಳಲೆಂದೇ ಎಲ್ಲ ಮಾಡಿದ್ದು. ಇವರು, "ಹೂಂ, ಕಾಲು ತೊಳ್ಕೊಂಡು ಬಾ," ಎಂದು ಒಳಗೆ ಹೋಗಿ, ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ತಮ್ಮ ನನ್ನನ್ನು, "ನಾನೇನಾದ್ರೂ ತಪ್ಪಾಡಿದೆನಾ ಅಕ್ಕಾ?" ಎಂದು ಕೇಳಿದ. ಪಾಪ, ಅವನಿಗೇನು ಗೊತ್ತು.

ಮೂಲೆಯ ಗಿಡ ಹೂ ಬಿಟ್ಟಿತು. ಹೂವೆಲ್ಲ ಉದುರಿ, ಒಂದು ಕಾಯಿ ನಿಂತಿತು. ಅದು ದಪ್ಪಗಾಗಿ, ಗೀರು ಮೂಡಿ, ತೊಟ್ಟಿನ ಹತ್ತಿರ ಹಸಿರು ಉಳಿಸಿಕೊಂಡು ಕೆಂಪಾಯಿತು. ಆಕಾರ ಸ್ವಲ್ಪ ಸೊಟ್ಟ. ಆದರೂ ಅದು ಟೈಲರ್ ಭಾವನ ಹಣ್ಣೇ. ಬೀದಿ ಉಸಿರು ಹಿಡಿದು ಕಾದಿತ್ತು. ಕಾಂಪೌಂಡರ್ ದಿನವೂ ಅದರ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು.

ಒಂದು ಸಂಜೆ ಅಕ್ಕ ಗೋಡೆಯ ಮೇಲಿಂದ ಕರೆದರು. "ತಂಗೀ, ಅವನನ್ನೂ ಕರ್ಕೊಂಡು ಬಾ. ಕೊಯ್ದಿದ್ದೀನಿ."

ಹೋದೆವು. ಕಾಂಪೌಂಡರ್ ಆಗಲೇ ಬಂದು ಕೂತಿದ್ದರು. ಹೊಲಿಗೆಯಂತ್ರದ ಮುಚ್ಚಳದ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಹಣ್ಣು, ಪಕ್ಕದಲ್ಲಿ ಬೀಜ ಒಣಗಿಸಲು ಬಿಳಿ ಬಟ್ಟೆ. ಅಕ್ಕ ಚಾಕು ತೆಗೆದುಕೊಂಡು ಹಣ್ಣನ್ನು ಎರಡು ಹೋಳು ಮಾಡಿದರು.

ಒಳಗೆ ಬರೀ ತಿರುಳು. ಬೀಜ ಇರಬೇಕಾದ ಕಡೆ ಟೊಳ್ಳು. ಅಕ್ಕ ಒಂದೊಂದು ಹೋಳನ್ನೂ ಮತ್ತೆ ಎರಡು ಮಾಡಿದರು, ಅದನ್ನು ಮತ್ತೆ ಎರಡು. ಕಾಂಪೌಂಡರ್ ಕನ್ನಡಕ ಒರೆಸಿ ಹಾಕಿಕೊಂಡು, "ಸಣ್ಣದಾಗಿ ಇರಬಹುದು, ಸಣ್ಣದಾಗಿ," ಎನ್ನುತ್ತ ತಿರುಳನ್ನು ಕೆದಕಿದರು. ಒಂದೂ ಇರಲಿಲ್ಲ.

ಇವರು ಕುರ್ಚಿಯ ತುದಿಯಲ್ಲಿ ಕೂತಿದ್ದವರು ಕೈ ಎರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡರು. ತಮ್ಮ ಕೈಗಳನ್ನು ಯಾರಿಗೂ ತೋರಿಸಬಾರದು ಎನ್ನುವ ಹಾಗೆ.

ಅಕ್ಕ ಚಾಕುವನ್ನು ತಟ್ಟೆಯಲ್ಲಿಟ್ಟು ಹೇಳಿದರು: "ಅವರಿಗೆ ಹಲ್ಲುಸೆಟ್ಟು ಹಾಕಿದ್ರಲ್ಲ, ಬೀಜ ಅದರೊಳಗೆ ಸಿಕ್ಕಿಕೊಳ್ಳೋದು. ಊಟಕ್ಕೆ ಕೂತಾಗೆಲ್ಲ ಬೈಯೋರು. ಈ ದರಿದ್ರ ಬೀಜ ಇಲ್ಲದ ಹಣ್ಣು ಯಾವಾಗ ಬಿಡುತ್ತೋ ಅನ್ನೋರು." ಅಕ್ಕನಿಗೆ ನಗು ಬಂತು. "ಬಿಟ್ಟಿದೆ ನೋಡಿ. ಈಗ ಬಿಟ್ಟಿದೆ."

ನಗುತ್ತಲೇ ಇದ್ದವರು ಬಿಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದರು. ಭಾವ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಬಂದವರಿಗೆ ನೀರು ಕೊಡುತ್ತ, ಕುರ್ಚಿ ಹಾಕುತ್ತ ಓಡಾಡಿಕೊಂಡಿದ್ದರು. ನಾನು ಹೋಗಿ ಹಿಡಿದುಕೊಂಡೆ. ಕಾಂಪೌಂಡರ್ ಎದ್ದು ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು.

ಅಳು ಸ್ವಲ್ಪ ತಗ್ಗಿದ ಮೇಲೆ ಅಕ್ಕ ಇವರ ಕಡೆ ನೋಡಿದರು.

"ನಿನ್ನ ಮೇಲೆ ನನಗೆ ಸಿಟ್ಟಿದೆ."

"ಹೌದಕ್ಕಾ."

"ತುಂಬಾ ಇದೆ. ಒಂದು ದಿನಕ್ಕೆಲ್ಲ ಮುಗಿಯಲ್ಲ ಅದು. ಅವರು ಹೋದ ಮೇಲೆ ಈ ಮನೆಯಲ್ಲಿ ಬೈಯೋಕೆ ಅಂತ ಒಬ್ಬರೂ ಇಲ್ಲ ನನಗೆ. ದಿನಾ ಬಂದು ಬೈಸಿಕೊಂಡು ಹೋಗು."

ಇವರು ತೊಡೆಯ ಕೆಳಗಿಂದ ಕೈ ತೆಗೆದು ಎದ್ದು ನಿಂತರು. "ಎಷ್ಟು ಹೊತ್ತಿಗೆ ಬರಲಿ ಅಕ್ಕಾ?"

"ಡ್ಯೂಟಿಗೆ ಹೋಗೋ ಮುಂಚೆ ಬಾ."

ಮರುದಿನ ಇವರು ತಲೆ ಬಾಚಿಕೊಂಡು, ಸಮವಸ್ತ್ರ ಹಾಕಿಕೊಂಡು, ಗೋಡೆಯ ಮೇಲಿಂದಲ್ಲ, ಗೇಟಿನಿಂದಲೇ ಒಳಗೆ ಹೋದರು. ನಾನು ಹಾಲು ಒಲೆಯ ಮೇಲಿಟ್ಟು ಆ ಕಡೆಗೇ ಕಿವಿಕೊಟ್ಟಿದ್ದೆ. ಬೈಗುಳ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಇವರು ಕೆಂಪಗಾದ ಕಣ್ಣು ಒರೆಸಿಕೊಳ್ಳುತ್ತ ಬಂದರು.

"ಸರಿಯಾಗಿ ಬೈದ್ರಾ?" ಎಂದೆ.

"ಇಲ್ಲ ಕಣೇ. ಇವತ್ತು ಬರೀ ಭಾವನ ವಿಷಯ ಹೇಳಿದ್ರು," ಎಂದರು. "ಬೈಗುಳ ನಾಳೆಗೆ ಇಟ್ಟಿದ್ದಾರೆ."